ದಿಬ್ಬಕ್ಕೆ ಜಾಗ

ಫೆಬ್ರವರಿ 24, ಸೋಮವಾರ

ಕಚೇರಿಗೆ ಕೊಡಬೇಕಾದ ದಂಡೆಯ ವರದಿಯನ್ನು ಇವತ್ತು ಬರೆದು ಮುಗಿಸಿದೆ. ಊರಿನ ಸಭೆಯಲ್ಲಿ ಓದುವವರೆಗೆ ಅದನ್ನು ಯಾರಿಗೂ ಹೇಳುವ ಹಾಗಿಲ್ಲ. ಹೇಳದೆ ಇರಲೂ ಆಗುತ್ತಿಲ್ಲ. ಅದಕ್ಕೇ ಈ ಪುಸ್ತಕ. ಕಾಲೇಜು ಬಿಟ್ಟ ಮೇಲೆ ದಿನಚರಿ ಬರೆದವಳಲ್ಲ ನಾನು.

ವಿಷಯ ಕಷ್ಟದ್ದೇನಲ್ಲ. ಕಡಲಿನ ಮಟ್ಟ ಏರುತ್ತಿದೆ, ಬಿರುಗಾಳಿಗಳು ಮೊದಲಿಗಿಂತ ಜೋರಾಗಿವೆ. ಮರಳಿನ ದಂಡೆ ಒಂದೇ ಕಡೆ ನಿಲ್ಲುವ ನೆಲವಲ್ಲ. ಕಡಲು ಮುಂದೆ ಬಂದರೆ ಅದು ಹಿಂದೆ ಸರಿಯುತ್ತದೆ. ಅದರ ಬೆನ್ನಿಗಿರುವ ಮರಳ ದಿಬ್ಬವೂ ಗಾಳಿಯ ಜೊತೆ ಊರಿನ ಕಡೆಗೆ ಉರುಳುತ್ತದೆ. ಸರಿಯಲು ಬಿಟ್ಟರೆ ಎರಡೂ ಉಳಿಯುತ್ತವೆ. ನಮ್ಮಲ್ಲಿ ದಿಬ್ಬದ ಬೆನ್ನಿಗೇ ಮನೆಗಳ ಸಾಲು. ಮುಂದೆ ಅಲೆ, ಹಿಂದೆ ಗೋಡೆ. ದಿಬ್ಬ ಅಡಕತ್ತರಿಗೆ ಸಿಕ್ಕಿದೆ. ಎಲ್ಲರೂ ಕೇಳುತ್ತಿರುವ ಕಲ್ಲಿನ ತಡೆಗೋಡೆ ಕಟ್ಟಿದರೆ ಮನೆಗಳು ಕೆಲವು ಕಾಲ ಉಳಿಯುತ್ತವೆ, ಆದರೆ ಗೋಡೆಗೆ ಬಡಿದ ಅಲೆ ಮರಳನ್ನು ಎಳೆದುಕೊಂಡು ಹೋಗಿ ದಂಡೆ ಇಲ್ಲವಾಗುತ್ತದೆ. ಆಮೇಲೆ ಗೋಡೆಯೂ ಕುಸಿಯುತ್ತದೆ. ಆದ್ದರಿಂದ ಗೋಡೆ ಬೇಡ, ಕಡಲ ಕಡೆಯ ಮೊದಲ ಸಾಲಿನವರಿಗೆ ಮೇಲಿನ ಬಡಾವಣೆಯಲ್ಲಿ ಮನೆ ಕೊಟ್ಟು ದಿಬ್ಬಕ್ಕೆ ಜಾಗ ಬಿಡತಕ್ಕದ್ದು ಎಂದು ಶಿಫಾರಸು ಮಾಡಲಾಗಿದೆ.

ಮಾಡಲಾಗಿದೆ. ಮಾಡಿದವಳು ನಾನು.

ಆ ಸಾಲಿನ ನಡುವಿನ ಮನೆ ಅಕ್ಕನದು.

ಮಾರ್ಚ್ 2, ಭಾನುವಾರ

ಊಟಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ಹೋದೆ. ಅಲ್ಲ, ಪ್ರತಿ ಭಾನುವಾರ ಹೋಗುತ್ತೇನೆ, ಅದಕ್ಕೇ ಹೋದೆ.

ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇಸಿಗೆ ಬಂತು, ಬೀಚಿನ ಛತ್ರಿಗಳೆಲ್ಲ ಅವಳ ಹತ್ತಿರ ರಿಪೇರಿಗೆ ಬಂದಿವೆ. ಹರಿದ ಕ್ಯಾನ್ವಾಸು, ಮುರಿದ ಕಡ್ಡಿ, ಒರಗು ಕುರ್ಚಿಗಳ ಸವೆದ ಬಟ್ಟೆ. ಅಮ್ಮ ಹೋದ ಮೇಲೆ ಅಕ್ಕ ಇದನ್ನೇ ಹೊಲಿದು ನನ್ನನ್ನು ಓದಿಸಿದ್ದು. ಭಾವ ದಂಡೆಯ ಮೇಲೆ ಛತ್ರಿ ಬಾಡಿಗೆಗೆ ಕೊಡುತ್ತಾರೆ. ಗಂಡ ಹರಿದು ತರುತ್ತಾನೆ, ಹೆಂಡತಿ ಹೊಲಿದು ಕೊಡುತ್ತಾಳೆ, ಇದಕ್ಕೇ ಸಂಸಾರ ಅನ್ನೋದು ಎನ್ನುವುದು ಅವರ ಹಳೆಯ ಮಾತು.

ಕಡಲ ಕಡೆಯ ಗೋಡೆಯಲ್ಲಿ ದೊಡ್ಡ ತೂತು ಕಂಡು ಬೆಚ್ಚಿದೆ.

"ಕಿಟಕಿ ಇಡಿಸ್ತಿದೀನಿ ಕಣೇ," ಎಂದಳು ಅಕ್ಕ. "ಸೂಜಿಗೆ ದಾರ ಪೋಣಿಸೋಕೇ ಕಣ್ಣು ಕಾಣ್ತಿಲ್ಲ. ಇಷ್ಟು ವರ್ಷ ಕತ್ತಲಲ್ಲೇ ಹೊಲಿದೆ. ಇನ್ನಾದ್ರೂ ಬೆಳಕಲ್ಲಿ ಕೂತ್ಕೋತೀನಿ."

"ಈಗ್ಲೇ ಯಾಕೆ ಅಕ್ಕ?"

"ಮತ್ಯಾವಾಗ? ಮುದುಕಿ ಆದ್ಮೇಲಾ?"

ಊಟದ ನಡುವೆ ಭಾವ ಕೇಳಿದರು. "ಏನು ಇಂಜಿನಿಯರಮ್ಮ, ನಿಮ್ಮ ಕಚೇರಿಯವ್ರು ಗೋಡೆ ಕಟ್ತಾರೋ, ಬರೀ ಅಳೀತಾನೇ ಇರ್ತಾರೋ?"

"ಇನ್ನೂ ನೋಡ್ತಿದಾರೆ ಭಾವ," ಎಂದೆ.

"ಅವಳನ್ಯಾಕೆ ಕೇಳ್ತೀರಿ ಊಟದ ಹೊತ್ತಲ್ಲಿ," ಎಂದು ಅಕ್ಕ ನನ್ನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದಳು. "ಅವಳಿದಾಳಲ್ಲ ಅಲ್ಲಿ. ನಮಗೇನು ಭಯ?"

ತಿಂದೆ. ಚೆನ್ನಾಗಿತ್ತು. ಕೈ ತೊಳೆದ ಮೇಲೆ ಕಿಟಕಿಯ ಚೌಕಟ್ಟಿಗೆ ಯಾವ ಬಣ್ಣ ಎಂದು ಕೇಳಿದಳು. ಹಳದಿ ಎಂದೆ.

ಮಾರ್ಚ್ 5

ಹೇಳಬಹುದಿತ್ತು. ನಿಯಮ ಅಡ್ಡ ಬರುತ್ತದೆ ನಿಜ, ಆದರೆ ನಿಯಮಕ್ಕೆ ಹೆದರಿ ಸುಮ್ಮನಿದ್ದೆನೆಂದು ಈ ಪುಸ್ತಕದಲ್ಲೂ ಬರೆದರೆ ಅದು ಸುಳ್ಳಾಗುತ್ತದೆ.

ಈ ಭಾಗದ ಸಮೀಕ್ಷೆ ಬೇರೆಯವರಿಗೆ ಕೊಡಿ, ಅಲ್ಲಿ ನನ್ನ ಅಕ್ಕ ಇದ್ದಾಳೆ ಎಂದು ದೊಡ್ಡ ಸಾಹೇಬರಿಗೆ ಮೊದಲೇ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ನಾನಾದರೆ ಸರಿಯಾಗಿ ನೋಡುತ್ತೇನೆ ಎಂಬ ಜಂಬ. ಸರಿಯಾಗಿಯೇ ನೋಡಿದೆ. ಎಷ್ಟು ಸಲ ಲೆಕ್ಕ ತಿರುವಿ ಹಾಕಿದರೂ ಅದೇ ಉತ್ತರ ಬಂತು.

ಶನಿವಾರ ಹೇಳುತ್ತೇನೆ.

ಮಾರ್ಚ್ 8, ಶನಿವಾರ

ಬಡಗಿ ಇದ್ದ. ಅವನ ಎದುರಿಗೆ ಹೇಗೆ ಹೇಳುವುದು.

ಮಾರ್ಚ್ 14, ಶುಕ್ರವಾರ

ಶಾಲೆಯ ಸಭಾಂಗಣದಲ್ಲಿ ಸಭೆ ಆಯಿತು.

ಅಕ್ಕ ಮೊದಲ ಸಾಲಿನಲ್ಲಿ ಕೂತಿದ್ದಳು. ಹೊಸ ಸೀರೆ ಉಟ್ಟಿದ್ದಳು. ಪಕ್ಕದವರಿಗೆ ನನ್ನನ್ನು ತೋರಿಸಿ ಏನೋ ಹೇಳುತ್ತಿದ್ದಳು. ಕೇಳಿಸದಿದ್ದರೂ ಗೊತ್ತು: ಅವಳೇ ನನ್ನ ತಂಗಿ.

ಓದಿದೆ. ಧ್ವನಿ ನಡುಗಲಿಲ್ಲ. ನಡುಗಿದ್ದರೆ ಒಳ್ಳೆಯದಿತ್ತೇನೋ. ಮೊದಲ ಸಾಲಿನ ಮನೆಗಳು ಎಂಬ ಮಾತು ಬಂದಾಗ ಜನ ಎದ್ದರು. ಐಸ್‌ಕ್ರೀಮ್ ಗಾಡಿಯವನು ಕುರ್ಚಿ ಎತ್ತಿ ಕುಕ್ಕಿದ. ಮರಳು ದೊಡ್ಡದೋ ಮನುಷ್ಯರು ದೊಡ್ಡವರೋ ಎಂದು ಕೂಗಿದ. ದೊಡ್ಡ ಸಾಹೇಬರು ಉತ್ತರ ಕೊಟ್ಟರು, ನಾನು ನಕ್ಷೆ ತೋರಿಸಿದೆ. ಪಕ್ಕದ ಊರಿನಲ್ಲಿ ಗೋಡೆ ಕಟ್ಟಿದ ಮೇಲೆ ದಂಡೆ ಏನಾಯಿತು ಎಂಬುದರ ಚಿತ್ರಗಳನ್ನೂ ತೋರಿಸಿದೆ. ಗೋಡೆಯ ಬುಡದಲ್ಲಿ ಬರೀ ನೀರು. ನೋಡಿದವರು ಕಡಿಮೆ.

ಗಲಾಟೆ ತಗ್ಗಿದಾಗ ಅಕ್ಕ ಎದ್ದು ನಿಂತಳು.

"ಕಿಟಕಿಗೆ ಹಳದಿ ಚೆನ್ನಾಗಿರುತ್ತೆ ಅಂದ್ಯಲ್ಲ," ಎಂದಳು. ಬೈದಂತೆ ಅಲ್ಲ, ನಿಜವಾಗಿ ಕೇಳುವವಳಂತೆ. "ಆಗ ನಿಂಗೆ ಗೊತ್ತಿತ್ತಾ?"

ಹೌದೆಂದು ತಲೆಯಾಡಿಸಿದೆ.

ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು. ಭಾವ ಬಾಗಿಲ ಹತ್ತಿರ ನಿಂತು ನನ್ನ ಕಡೆ ನೋಡಿದರು. ತಮಾಷೆ ಮಾಡುತ್ತಾರೆಂದು ಕಾದೆ. ಮಾಡಲಿಲ್ಲ.

ಮಾರ್ಚ್ 23, ಭಾನುವಾರ

ಊಟಕ್ಕೆ ಹೋಗಲಿಲ್ಲ. ಫೋನ್ ಮಾಡಿದರೆ ಭಾವ ಎತ್ತುತ್ತಾರೆ. "ಹೊಲೀತಿದಾಳೆ," ಎನ್ನುತ್ತಾರೆ. ಯಂತ್ರದ ಸದ್ದು ನನಗೂ ಕೇಳುತ್ತದೆ.

ನನ್ನ ಶಿಫಾರಸು ತಪ್ಪಲ್ಲ. ಇದನ್ನು ಬರೆದಿಡಬೇಕು. ದಂಡೆ ಹೋದರೆ ಛತ್ರಿಗೆ ಯಾರು ಬರುತ್ತಾರೆ? ಅವಳ ಅನ್ನವೇ ಆ ಮರಳಿನ ಮೇಲಿದೆ. ಅವಳ ಒಳ್ಳೆಯದಕ್ಕೇ ಮಾಡಿದ್ದು. ಒಂದು ದಿನ ಅವಳಿಗೇ ಅರ್ಥವಾಗುತ್ತದೆ, ಆಗ ಅವಳೇ ಬರುತ್ತಾಳೆ.

ಏಪ್ರಿಲ್ 20

ಬಂದಿಲ್ಲ.

ಮೇ 11, ಭಾನುವಾರ

ಶಿಫಾರಸನ್ನು ಮುಂದಿನ ವರ್ಷ ನೋಡೋಣ ಎಂದು ಮೇಲಿನವರು ಮುಂದೂಡಿದ್ದಾರೆ. ಗೋಡೆಯೂ ಇಲ್ಲ, ಹೊಸ ಮನೆಗಳೂ ಇಲ್ಲ.

ಇವತ್ತು ದಂಡೆಯಲ್ಲಿ ನಡೆಯುತ್ತಾ ಹೋದವಳು ಸಾಲಿನ ಮನೆಗಳ ಹತ್ತಿರ ನಿಂತುಬಿಟ್ಟೆ. ಟ್ರ್ಯಾಕ್ಟರುಗಳು ಬಂದು ಕಲ್ಲು ಸುರಿಯುತ್ತಿದ್ದವು. ಒಡೆದ ಕಟ್ಟಡಗಳ ಕಾಂಕ್ರೀಟು, ಕ್ವಾರಿಯ ಬಂಡೆ, ಕೈಗೆ ಸಿಕ್ಕಿದ್ದೆಲ್ಲ. ಕೇರಿಯವರು ದಿಬ್ಬದ ಮುಖವನ್ನು ಅಗೆದು ಕಲ್ಲು ಜೋಡಿಸುತ್ತಿದ್ದರು. ದಿಬ್ಬದ ಹುಲ್ಲು ಬೇರುಸಮೇತ ಕಿತ್ತು ರಾಶಿ ಬಿದ್ದಿತ್ತು. ಐಸ್‌ಕ್ರೀಮಿನವನು ನಿಂತು ಕೆಲಸ ಮಾಡಿಸುತ್ತಿದ್ದ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ಹೊರುತ್ತಿದ್ದಳು.

ಹೀಗೆ ಕಲ್ಲು ಹಾಕುವುದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ಅಪಾಯ. ಕಲ್ಲಿಗೆ ಬಡಿದ ಅಲೆ ಸುಮ್ಮನೆ ಹಿಂದೆ ಹೋಗುವುದಿಲ್ಲ. ಕಲ್ಲು ಮುಗಿಯುವ ಕಡೆ ತಿರುಗಿ ಅಲ್ಲಿಯ ಮರಳನ್ನು ಕೊರೆಯುತ್ತದೆ. ಕಲ್ಲು ಮುಗಿಯುವುದು ಗಡಿಯಾರದ ತಾತನ ಮನೆಯ ಪಕ್ಕ. ಗಡಿಯಾರ ರಿಪೇರಿ ಮಾಡುವ ಮುದುಕ, ಒಬ್ಬನೇ ಇರುತ್ತಾನೆ. ಅವನದು ಹಿಂದಕ್ಕಿರುವ ಮನೆ, ಮುಂದೆ ಎತ್ತರದ ದಿಬ್ಬ. ನನ್ನ ನಕ್ಷೆಯಲ್ಲಿ ಅದು ಹಸಿರು, ಅಂದರೆ ಭಯವಿಲ್ಲ.

ಅಕ್ಕ ತಲೆ ಎತ್ತಿದಳು. ನನ್ನನ್ನು ನೋಡಿದಳು. ಇಷ್ಟು ದಿನಗಳಲ್ಲಿ ಮೊದಲ ಸಲ. ತಡೆಯುತ್ತೀಯಾ ಎನ್ನುವಂತಿತ್ತು ಆ ನೋಟ.

ನಾನು ತಿರುಗಿ ಮನೆಗೆ ಬಂದೆ.

ಮೇ 12

ಕಚೇರಿಯಲ್ಲಿ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅಕ್ಕನಿಗೆ ಒಂದು ಸಲ ದ್ರೋಹ ಮಾಡಿದ್ದು ಸಾಕು.

ಹಗುರಾಗಿದೆ ಮನಸ್ಸು. ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಮೇ 18, ಭಾನುವಾರ

ಅಕ್ಕನೇ ಫೋನ್ ಮಾಡಿದಳು! "ಊಟಕ್ಕೆ ಬಾ," ಎಂದಳು, ಅಷ್ಟೇ. ಹೋದೆ. ಮಾತು ಕಡಿಮೆ, ಆದರೂ ಬಡಿಸಿದಳು. ಭಾವ ಕಲ್ಲಿನ ರಾಶಿ ತೋರಿಸಿ, "ನೋಡು, ಸರ್ಕಾರ ಮಾಡದೆ ಇದ್ದಿದ್ದನ್ನ ನಮ್ಮ ಸೊಂಟ ಮಾಡ್ತು. ಈಗ ಸೊಂಟಕ್ಕೇ ಒಂದು ತಡೆಗೋಡೆ ಬೇಕು," ಎಂದರು. ನಕ್ಕೆ. ಅಕ್ಕನೂ ನಕ್ಕಳು.

ಹಿಂದಿರುಗುವಾಗ ತಾತನ ಮನೆಯ ಮುಂದಿನ ದಿಬ್ಬವನ್ನು ನೋಡಿದೆ. ಬುಡದಲ್ಲಿ ಆಗಲೇ ಕಡಿದಂತಾಗಿದೆ. ತಾತ ಜಗಲಿಯಲ್ಲಿ ಕೂತು ಕೈಬೀಸಿದ. ನಾನೂ ಬೀಸಿದೆ.

ಜೂನ್ 19, ಗುರುವಾರ

ಬೆಳಗಿನ ಉಬ್ಬರದ ಹೊತ್ತಿಗೇ ಬಿರುಗಾಳಿ ಬಂತು. ಕಚೇರಿಯವರೆಲ್ಲ ದಂಡೆಗೆ ಹೋದೆವು. ಅಲೆ ಕಲ್ಲಿನ ಮೇಲೆ ಬಂದು ಒಡೆದು, ಸಾಲಿನುದ್ದಕ್ಕೂ ಓಡಿ, ತುದಿಯಲ್ಲಿ ತಿರುಗಿ ತಾತನ ದಿಬ್ಬಕ್ಕೆ ನುಗ್ಗುತ್ತಿತ್ತು. ಈ ಪುಸ್ತಕದಲ್ಲಿ ಬರೆದಿದ್ದ ಹಾಗೆಯೇ. ದಿಬ್ಬ ಹೋಳು ಹೋಳಾಗಿ ಕುಸಿಯಿತು. ಅಲ್ಲಿ ಹುಲ್ಲಿದ್ದ ಅಷ್ಟೆತ್ತರದ ಮರಳು, ನಾನು ಚಿಕ್ಕವಳಾಗಿದ್ದಾಗ ಜಾರಿ ಆಡಿದ್ದು, ಸಕ್ಕರೆಯ ಹಾಗೆ ಕರಗಿತು.

ಕೂಗಿದೆವು. ತಾತ ಗೋಡೆ ಗಡಿಯಾರಗಳನ್ನು ಎದೆಗವಚಿಕೊಂಡು ಜಗಲಿಗೆ ಬಂದ. ಜಗಲಿ ಅವನ ಕಾಲಡಿಯಲ್ಲೇ ಕುಸಿಯಿತು. ಭಾವ ಎಲ್ಲರಿಗಿಂತ ಮುಂಚೆ ನೀರಿಗಿಳಿದರು. ಐಸ್‌ಕ್ರೀಮಿನವನೂ ಇಳಿದ. ಎಳೆದುಕೊಂಡು ಬಂದಾಗ ತಾತನ ಕಾಲು ತೊಡೆಯ ಹತ್ತಿರ ಅಡ್ಡಕ್ಕೆ ತಿರುಗಿತ್ತು.

ಸಾಲಿನ ಮನೆಗಳಿಗೆ ಏನೂ ಆಗಿಲ್ಲ.

ಜೂನ್ 24, ಮಂಗಳವಾರ

ಆಸ್ಪತ್ರೆಗೆ ಹೋಗಿ ಬಂದೆ. ತಾತನಿಗೆ ಶಸ್ತ್ರಚಿಕಿತ್ಸೆ ಆಗಿದೆ. ಕೋಲಿಲ್ಲದೆ ಇನ್ನು ನಡೆಯಲಾರ ಎಂದು ನರ್ಸ್ ಹೇಳಿದಳು. ನನ್ನನ್ನು ನೋಡಿ ಅವನ ಮುಖ ಅರಳಿತು. ಹಣ್ಣು ಸುಲಿದು ಕೊಟ್ಟೆ.

"ಕಾಲ ಕೆಟ್ಟಿದೆ ಕಣಮ್ಮ," ಎಂದ. "ಸಮುದ್ರಕ್ಕೇ ಹುಚ್ಚು ಹಿಡಿದಿದೆ. ನಾವೇನು ಮಾಡೋಕಾಗುತ್ತೆ, ಹೇಳು."

"ಹೌದು ತಾತ," ಎಂದೆ.

ಕಚೇರಿಯಲ್ಲೂ ಇದೇ ಮಾತು. ಪತ್ರಿಕೆಯಲ್ಲೂ ಇದೇ. ಹವಾಮಾನ ಬದಲಾಗಿದೆ, ಯಾರ ಕೈಯಲ್ಲೂ ಇಲ್ಲ. ಹವಾಮಾನ ಬದಲಾಗಿರುವುದು ಸುಳ್ಳಲ್ಲ, ನಾನೇ ಅದನ್ನು ವರ್ಷಗಟ್ಟಲೆ ಅಳೆದಿದ್ದೇನೆ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಯಾರು ಆ ಮಾತು ಎತ್ತಿದರೂ ನನ್ನ ಕೈ ತಾನಾಗಿ ಹೆಗಲಿಗೆ ಹೋಗುತ್ತದೆ.

ಜೂನ್ 29, ಭಾನುವಾರ

ದಿನವೂ ಆಸ್ಪತ್ರೆಗೆ ಹೋಗುತ್ತಿದ್ದೇನೆ. ತಾತ ನನಗಾಗಿ ಕಾಯುತ್ತಾನೆ. "ಮಗಳಿಗಿಂತ ಹೆಚ್ಚು ನೋಡ್ಕೋತಾಳೆ," ಎಂದು ಪಕ್ಕದ ಹಾಸಿಗೆಯವರಿಗೆ ಹೇಳುತ್ತಾನೆ. ಅದನ್ನು ಕೇಳಿಸಿಕೊಂಡು ಕೂರುವುದಕ್ಕಿಂತ ಹೊಡೆಸಿಕೊಳ್ಳುವುದು ವಾಸಿ.

ಜುಲೈ 2, ಬುಧವಾರ

ಅಕ್ಕ ನನ್ನ ಮನೆಗೆ ಬಂದಳು. ಈ ಮನೆಗೆ ಅವಳು ಬರುವುದೇ ಅಪರೂಪ, ಮೆಟ್ಟಿಲು ಹತ್ತಿದರೆ ಮಂಡಿ ನೋಯುತ್ತದೆ. ಕೂರಲಿಲ್ಲ.

"ಆ ಕಲ್ಲಿಂದ ತಾತನ ಮನೆ ಬಿತ್ತಾ?" ಎಂದಳು.

"ಹೂಂ."

"ಹಾಗಾಗುತ್ತೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಅವತ್ತು ಬಂದು ನೋಡಿ ಹೋದ್ಯಲ್ಲ. ಯಾಕೆ ತಡೀಲಿಲ್ಲ?"

"ನಿನ್ನ ಮುಖ ನೋಡಿದೆ ಅಕ್ಕ. ತಡೆಯೋಕಾಗ್ಲಿಲ್ಲ."

ಅಕ್ಕನ ದನಿ ಒಡೆಯಿತು. "ನನ್ನ ಮುಖ ನೋಡಿ ಹೇಳ್ಬೇಕಾಗಿದ್ದಾಗ ತಟ್ಟೆ ನೋಡ್ದೆ. ನನ್ನ ಬುಟ್ಟಿ ಕಿತ್ತು ಎಸೆದಾದ್ರೂ ತಡೀಬೇಕಾಗಿದ್ದಾಗ ನನ್ನ ಮುಖ ನೋಡ್ದೆ. ಆ ಬುಟ್ಟಿ ಹೊತ್ತವಳು ನಾನು ಕಣೇ! ಆ ಮುದುಕನ ಕಾಲು ಮುರಿಯೋಕೆ ನನ್ನ ಕೈಯಲ್ಲಿ ಕಲ್ಲು ಹೊರಿಸಿದೆ ನೀನು. ಒಂದು ಮಾತು. ಒಂದೇ ಒಂದು ಮಾತು ಸಾಕಿತ್ತು."

"ನೀನು ಕೇಳ್ತಿದ್ಯಾ?"

"ಕೇಳ್ತಿರಲಿಲ್ಲ. ಜಗಳ ಆಡ್ತಿದ್ದೆ. ಪೊಲೀಸರನ್ನ ಕರೆದಿದ್ರೆ ನಿನ್ನ ಮುಖಕ್ಕೆ ಉಗೀತಿದ್ದೆ. ಉಗಿಸ್ಕೊಳ್ಬೇಕಿತ್ತು."

ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡು ನಿಧಾನವಾಗಿ ಇಳಿದಳು. ಸಹಾಯಕ್ಕೆ ಹೋದೆ. ಬೇಡ ಎಂದಳು.

ಜುಲೈ 4, ಶುಕ್ರವಾರ

ಕಲ್ಲು ಸುರಿಯುವುದನ್ನು ನೋಡಿಯೂ ತಿಳಿಸಲಿಲ್ಲ ಎಂದು ದೊಡ್ಡ ಸಾಹೇಬರಿಗೆ ಹೇಳಿದೆ. ಅವರು ಬಾಗಿಲು ಹಾಕಿದರು.

"ಇದನ್ನ ಬರವಣಿಗೇಲಿ ಕೊಡ್ಬೇಡಿ. ಎಲ್ಲ ಬಿರುಗಾಳಿ ಲೆಕ್ಕಕ್ಕೆ ಹೋಗ್ತಿದೆ. ಯಾಕೆ ಸುಮ್ನೆ ಮೈಮೇಲೆ ಎಳ್ಕೋತೀರಿ?"

ಬರೆದು ಕೊಟ್ಟೆ. ವಿಚಾರಣೆ ಮುಗಿಯುವವರೆಗೆ ದಂಡೆಯ ಕೆಲಸದಿಂದ ತೆಗೆದು ಹಳೆಯ ನಕ್ಷೆಗಳ ಕೋಣೆಗೆ ಹಾಕಿದ್ದಾರೆ. ಅಲ್ಲಿ ಧೂಳು, ಒಂದು ಫ್ಯಾನು, ಮತ್ತು ನಾನು.

ಸಂಜೆ ಆಸ್ಪತ್ರೆಗೆ ಹೋದೆ. ಹಣ್ಣು ಒಯ್ಯಲಿಲ್ಲ. ತಾತನಿಗೆ ಎಲ್ಲ ಹೇಳಿದೆ. ಅಲೆ ಹೇಗೆ ತಿರುಗಿತು, ಯಾಕೆ ತಿರುಗಿತು, ಅದು ನನಗೆ ಮೊದಲೇ ಹೇಗೆ ಗೊತ್ತಿತ್ತು, ಎಲ್ಲ.

"ಅವತ್ತು ನಾನು ಜಗಲಿ ಮೇಲೆ ಕೂತಿದ್ದಾಗ ನೀನು ಕೈ ಬೀಸಿದ್ಯಲ್ಲ. ಆಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು ತಾತ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ಇನ್ನು ಬರ್ಬೇಡಮ್ಮ," ಎಂದ.

ಬೈಯಲಿಲ್ಲ. ಅಮ್ಮ ಎಂದೇ ಕರೆದ.

ಆಗಸ್ಟ್ 16, ಶನಿವಾರ

ಕೇರಿಯವರು ಕಲ್ಲು ತೆಗೆಯುತ್ತಿದ್ದಾರೆ. ಅಕ್ಕ ಮನೆಮನೆಗೆ ಹೋಗಿ ಒಪ್ಪಿಸಿದಳಂತೆ. ಐಸ್‌ಕ್ರೀಮಿನವನು ಕೊನೆಯವರೆಗೂ ಒಪ್ಪಲಿಲ್ಲವಂತೆ. ಇವತ್ತು ಎಲ್ಲರಿಗಿಂತ ದೊಡ್ಡ ಬಂಡೆಗೆ ಹಾರೆ ಹಾಕಿ ನಿಂತಿದ್ದವನು ಅವನೇ.

ಕರೆಯದಿದ್ದರೂ ಹೋದೆ. ಬುಟ್ಟಿ ತೆಗೆದುಕೊಂಡೆ. ಯಾರೂ ಮಾತಾಡಿಸಲಿಲ್ಲ, ಹೋಗು ಎನ್ನಲೂ ಇಲ್ಲ. ಭಾವ ಮಾತ್ರ ಪಕ್ಕಕ್ಕೆ ಬಂದು, "ಹೊತ್ತು ಹಾಕಿದ ಕಲ್ಲನ್ನೇ ಹೊತ್ತು ತೆಗೆಯೋದು. ಇಂಥ ವ್ಯಾಯಾಮ ಯಾವ ಡಾಕ್ಟ್ರೂ ಬರ್ಕೊಡಲ್ಲ," ಎಂದು ಮೆಲ್ಲಗೆ ಹೇಳಿ ಮುಂದೆ ಹೋದರು.

ಅಂಗೈ ಸುಲಿದಿದೆ. ಪೆನ್ನು ಹಿಡಿಯುವುದು ಕಷ್ಟ.

ಆಗಸ್ಟ್ 17

ಇವತ್ತೂ ಹೋಗಿದ್ದೆ.

ಅಕ್ಟೋಬರ್ 30, ಗುರುವಾರ

ಬಿರುಗಾಳಿ ಬಂದುಹೋದ ಮೇಲೆ ಮೇಲಿನವರಿಗೂ ಬುದ್ಧಿ ಬಂದು, ಮೊದಲ ಸಾಲಿನವರಿಗೆಲ್ಲ ಮೇಲಿನ ಬಡಾವಣೆಯಲ್ಲಿ ಮನೆ ಸಿಕ್ಕಿದೆ. ಇವತ್ತು ಅಕ್ಕನ ಮನೆ ಕೆಡವಿದರು. ಅಕ್ಕ ನೋಡುತ್ತಾ ನಿಂತಿದ್ದಳು. ನಾನು ಸ್ವಲ್ಪ ದೂರದಲ್ಲಿ ನಿಂತಿದ್ದೆ. ಕ್ಷಮಿಸು ಎಂಬ ಮಾತು ಬಾಯಿಗೆ ಬಂತು. ಅದನ್ನು ಹೇಳಿದರೆ ಅವಳು ತನ್ನ ಅಳು ಬಿಟ್ಟು ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ನುಂಗಿಕೊಂಡೆ.

ಡಿಸೆಂಬರ್ 9, ಮಂಗಳವಾರ

ಮನೆಗಳಿದ್ದ ಜಾಗಕ್ಕೆ ಆಗಲೇ ಮರಳು ಬರತೊಡಗಿದೆ. ಅಡುಗೆಮನೆಯಿದ್ದಲ್ಲಿ ಸಣ್ಣ ಏರು, ಅದರ ಮೇಲೆ ಗಾಳಿಯ ಗೆರೆ. ಕೇರಿಯವರು ನೆಟ್ಟ ಹುಲ್ಲು ಕೆಲವು ಕಡೆ ಹಿಡಿದಿದೆ, ಕೆಲವು ಕಡೆ ಸತ್ತಿದೆ. ದಿಬ್ಬ ಕಟ್ಟಲು ವರ್ಷಗಳೇ ಬೇಕು. ಅಷ್ಟರಲ್ಲಿ ಕಡಲು ಎಷ್ಟು ಮುಂದೆ ಬರುತ್ತದೋ, ನನ್ನ ಲೆಕ್ಕಕ್ಕೂ ಸಿಗುವುದಿಲ್ಲ.

ತಾತ ಬೇರೆ ಊರಿನಲ್ಲಿ ಮಗಳ ಮನೆಯಲ್ಲಿದ್ದಾನೆ. ನಾನು ಪತ್ರ ಬರೆದಿಲ್ಲ. ಬರಬೇಡ ಎಂದಿದ್ದಾನೆ.

ಜನವರಿ 18, ಭಾನುವಾರ

ವಿಚಾರಣೆ ಮುಗಿದಿದೆ. ಬಡ್ತಿ ತಡೆಹಿಡಿದು, ದಂಡೆಯ ಕೆಲಸಕ್ಕೆ ಮರಳಿ ಹಾಕಿದ್ದಾರೆ. ಕೊಲ್ಲಿಯ ಆಚೆಯ ದಂಡೆ ನೋಡಲು ಹೇಳಿದರು. ಅಲ್ಲೂ ದಿಬ್ಬದ ಬೆನ್ನಿಗೆ ಮನೆಗಳಿವೆ. ಒಂದು ವಾರ ಅಳೆದೆ. ಉತ್ತರ ಏನು ಬರುತ್ತದೆಂದು ಅರ್ಧಕ್ಕೇ ಗೊತ್ತಾಯಿತು.

ನಿನ್ನೆ ಮೊದಲನೆಯ ಮನೆಯ ಬಾಗಿಲು ತಟ್ಟಿದೆ. ಒಬ್ಬ ಹೆಂಗಸು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು, "ಬನ್ನಿ, ಒಳಗೆ ಕೂತ್ಕೊಳ್ಳಿ, ಚಹಾ ಮಾಡ್ತೀನಿ," ಎಂದಳು.

"ಚಹಾ ಬೇಡ. ನಿಂತೇ ಹೇಳ್ತೀನಿ," ಎಂದೆ. "ವರದಿ ಇನ್ನೂ ಬರೆದಿಲ್ಲ. ಬರೆಯೋಕೆ ಮುಂಚೆ ನಿಮಗೆ ಹೇಳ್ಬೇಕು ಅಂತ ಬಂದೆ."

ಹೇಳಿದೆ. ಅವಳು ಗಂಡನನ್ನು ಕರೆದಳು, ಗಂಡ ಅಕ್ಕಪಕ್ಕದವರನ್ನು ಕರೆದ. ಮಧ್ಯಾಹ್ನವೆಲ್ಲ ಅವರ ಅಂಗಳದಲ್ಲಿ ನಿಂತಿದ್ದೆ. ಒಬ್ಬಳು ಅತ್ತಳು. ಒಬ್ಬ ಗೇಟು ತೋರಿಸಿದ. ಪ್ರತಿ ಪ್ರಶ್ನೆಗೂ ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೆ. ನಿಯಮದ ಪ್ರಕಾರ ಇದೂ ತಪ್ಪೇ. ಸೋಮವಾರ ದೊಡ್ಡ ಸಾಹೇಬರಿಗೆ ನಾನೇ ತಿಳಿಸುತ್ತೇನೆ.

ಇವತ್ತು ಅಕ್ಕನ ಹೊಸ ಮನೆಗೆ ಹೋದೆ. ಛಾವಣಿ ತಗ್ಗು, ಕೋಣೆ ಚಿಕ್ಕದು. ಅಕ್ಕ ನೆಲದ ಮೇಲೆ ಉದ್ದದ ಕ್ಯಾನ್ವಾಸ್ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ನಿನ್ನೆಯದನ್ನು ಹೇಳಿದೆ.

"ಬೈದ್ರಾ?" ಎಂದಳು, ತಲೆ ಎತ್ತದೆ.

"ತುಂಬಾ ಬೈದ್ರು."

"ಬೈಯ್ಲಿ." ಕತ್ತರಿ ಕೈಗೆತ್ತಿಕೊಂಡಳು. "ಆ ತುದಿ ಹಿಡ್ಕೋ. ಬಿಗಿಯಾಗಿ. ನೀನು ಸಡಿಲ ಬಿಟ್ರೆ ನನ್ನ ಗೆರೆ ಸೊಟ್ಟ ಹೋಗುತ್ತೆ."

ಮಂಡಿಯೂರಿ ಹಿಡಿದೆ. ಬಟ್ಟೆ ದಪ್ಪ, ಕತ್ತರಿ ನಿಧಾನವಾಗಿ ನನ್ನ ಕಡೆಗೇ ಬರುತ್ತಿತ್ತು. ಬೆರಳಿನ ಹತ್ತಿರ ಬಂದಾಗಲೂ ಬಿಡಲಿಲ್ಲ. ಅಕ್ಕ ಅಲ್ಲಿಗೆ ನಿಲ್ಲಿಸಿ, ತುಂಡನ್ನು ಮಡಚಿ ಪಕ್ಕಕ್ಕಿಟ್ಟು, ಇನ್ನೊಂದನ್ನು ಹಾಸಿದಳು.